ಟಣ್ ಎನ್ನಬೇಕಾದ ಮೀನು

ಮ್ಯಾನ್‌ಕೆಸ್ಸಿಂ ಸಂತೆಯಲ್ಲಿ ಕೋಲ್ಡ್ ಸ್ಟೋರೇಜ್ ಎಂದರೆ ಅರಾಬಾ ಕ್ವಾನ್ಸಿಮಾಳ ಅಂಗಡಿ, ಅಷ್ಟೇ. ಬಂಗುಡೆ, ಕೋಳಿಕಾಲು, ಹಂದಿಯ ಪಾದ ಎಲ್ಲವೂ ಅವಳ ನಾಲ್ಕು ಫ್ರೀಜರುಗಳಲ್ಲಿ ಕಲ್ಲಾಗಿ ಮಲಗಿರುತ್ತಿದ್ದವು. ಗಿರಾಕಿ ಮೂಗು ಮುರಿದರೆ ಎರಡು ಮೀನು ತೆಗೆದು ಒಂದಕ್ಕೊಂದು ಕುಟ್ಟಿ ತೋರಿಸುವಳು. ಟಣ್ ಎನ್ನಬೇಕು; ಎನ್ನದಿದ್ದರೆ ಅದು ಕೊಳೆತ ಮಾಲು. ಕರೆಂಟು ಹೋದರೆ ಮುಚ್ಚಳಕ್ಕೆ ಕಂಬಳಿ ಹೊದಿಸಿ, ಯಾರೂ ತೆಗೆಯದಂತೆ ತಾನೇ ಅದರ ಮೇಲೆ ಹತ್ತಿ ಕೂರುವಳು. ಇಪ್ಪತ್ತು ವರ್ಷ ಹೀಗೇ ಬದುಕಿದ ಜಂಬದ ಹೆಂಗಸು.

ಅವಳಿಗೆ ಅಕ್ಷರ ಕಲಿಸಿದ ಓಟು ಎಂಬ ಮೇಷ್ಟ್ರನ್ನು ಅವಳು ಹೆತ್ತ ತಂದೆಯನ್ನು ಕರೆದಂತೆ ಎಗ್ಯಾ ಎನ್ನುತ್ತಿದ್ದಳು. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ಸೀಸೆಯನ್ನು ತಣ್ಣಗಿಡಬೇಕಂತೆ ಎಂದು ಅವರು ತಂದಾಗ ಅರಾಬಾ ಹಿಗ್ಗಿಹೋದಳು.

"ನನ್ ಹತ್ರ ಬಿಟ್ಟು ಇನ್ಯಾರ ಹತ್ರ ಇಡ್ತೀರಾ ಎಗ್ಯಾ?"

ಮೀನಿನಡಿಯಲ್ಲಿ ತಳಕ್ಕೆ ಹೂತಿಟ್ಟಳು. ದಿನಾ ಬೆಳಿಗ್ಗೆ ಮೇಷ್ಟ್ರು ಬಂದು, ಸೀಸೆಯನ್ನು ಮುಷ್ಟಿಯಲ್ಲಿ ಕರಗಿಸಿಕೊಂಡು, ಚುಚ್ಚಿಕೊಂಡು, ಮರಳಿ ಕೊಟ್ಟು ಹೋಗುವರು.

ಮೂರು ವಾರದಲ್ಲಿ ಮೇಷ್ಟ್ರು ಒಣಗಿ ಕಡ್ಡಿಯಾದರು. ಎಷ್ಟು ನೀರು ಕುಡಿದರೂ ದಾಹ.

"ಕದ್ದು ಮುಚ್ಚಿ ಗಂಜಿಗೆ ಸಕ್ಕರೆ ಸುರ್ಕೋತಿದೀರಿ ತಾನೆ?" ಎಂದು ಅರಾಬಾ ರೇಗಿಸಿದಳು.

"ದೇವರಾಣೆ ಇಲ್ಲ ಕಣೇ."

ನಾಲ್ಕು ದಿನದಿಂದ ಅವರಿಗೆ ಅಂಗಡಿಗೂ ಬರಲಾಗುತ್ತಿರಲಿಲ್ಲ. ಸೀಸೆಯನ್ನು ಅರಾಬಾಳೇ ಒಯ್ದು ತರುತ್ತಿದ್ದಳು.

ಶುಕ್ರವಾರ ಕೋಳಿ ಕೊಳ್ಳಲು ಬಂದ ನರ್ಸ್ ಎಕುವಾ ಫ್ರೀಜರಿನೊಳಗೆ ಬಗ್ಗಿ ಮೀನು ಸರಿಸಿದವಳು ಹಾಗೇ ನಿಂತುಬಿಟ್ಟಳು. "ಈ ಇನ್ಸುಲಿನ್ ಯಾರ್ದು?"

"ಎಗ್ಯಾ ಓಟು ಅವರ್ದು. ನೋಡು, ಹೆಂಗೆ ಕಲ್ಲಾಗಿದೆ!"

"ಅಯ್ಯೋ ಅಕ್ಕಾ! ಒಂದ್ಸಲ ಗಡ್ಡೆ ಕಟ್ಟಿದ್ರೆ ಇದು ಕೆಟ್ಟಂಗೇ. ತಣ್ಣಗಿಡೋದು ಅಂದ್ರೆ ಮಡಕೆ ನೀರಿನಷ್ಟು ತಣ್ಣಗೆ, ಮೀನಿನಷ್ಟಲ್ಲ! ಇಷ್ಟು ದಿನ ಅವ್ರು ಬರೀ ನೀರು ಚುಚ್ಕೊಂಡಂಗೆ!"

ಮೇಷ್ಟ್ರ ಔಷಧ ಕೆಡಿಸಿದ್ದು ಯಾರೆಂದು ಅರಾಬಾಳಿಗೆ ಹೊಳೆಯಿತು. ಬೇರೆ ಯಾರೂ ಅಲ್ಲ, ತಾನೇ. ತನ್ನ ಕೈಯಾರೆ. ಎಕುವಾ ಟ್ಯಾಕ್ಸಿ ಕರೆಯಲು ಓಡಿದಳು. ಅರಾಬಾ ಫ್ರೀಜರ್ ಮುಚ್ಚಳ ತೆರೆದೇ ಬಿಟ್ಟು ಮೇಷ್ಟ್ರ ಮನೆಗೆ ಓಡಿದಳು. ಇಪ್ಪತ್ತು ವರ್ಷದಲ್ಲಿ ಅವಳು ಅದನ್ನು ತೆರೆದು ಬಿಟ್ಟದ್ದು ಅದೇ ಮೊದಲು.

ಮೇಷ್ಟ್ರು ಬೆಂಚಿನ ಮೇಲೆ ಒರಗಿದ್ದರು. ಏಳಲಾಗದಿದ್ದರೂ ಅವಳನ್ನು ಕಂಡು ಮುಖ ಅರಳಿತು. ದಿಂಬಿನ ಪಕ್ಕದಿಂದ ಹೊಸ ಸೀಸೆಯೊಂದನ್ನು ತೆಗೆದು ಚಾಚಿದರು.

"ನೀನಿಲ್ದಿದ್ರೆ ನಾನೆಲ್ಲಿರ್ತಿದ್ದೆ ಮಗಳೇ. ಇದನ್ನೂ ಇಟ್ಕೋ. ತಳದಲ್ಲೇ ಇಡು, ತುಂಬ ತಣ್ಣಗಿರೋ ಕಡೆ."

ಅರಾಬಾಳ ಕೈ ಮುಂದೆ ಬರಲಿಲ್ಲ.