ಹಲಸು ಹಾಕಿದವಳು

ಎರಡು ಸಾವಿರದ ಐದೋ ಆರೋ ಇರಬೇಕು. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ. ನಾವಿದ್ದದ್ದು ರಾಯಕೋಟೆಯ ಅತ್ತೆಮನೆಯಲ್ಲಿ. ಹಿತ್ತಿಲಲ್ಲಿ ಒಂದು ಸೀಮೆ ಹಸು, ಅತ್ತೆಯ ಪ್ರಾಣವೆಲ್ಲ ಅದರ ಮೇಲೆ. "ಹಲಸಿನಣ್ಣು ಮಾತ್ರ ಹಾಕ್ಬೇಡ ಕಣಮ್ಮೀ, ಅದಕ್ಕಾಗಕ್ಕಿಲ್ಲ" ಎಂದು ಹತ್ತು ಸಲ ಹೇಳಿದ್ದರು. ನನಗೋ, ಯಾರಾದರೂ ಬುದ್ಧಿ ಹೇಳಿದರೆ ಮೈಯುರಿ.

ಆ ಸಲ ಗಂಡ ತಂದ ಹಲಸು ಮನೆಯಲ್ಲಿ ಕೊಳೆಯತೊಡಗಿತು. ಅತ್ತೆ ಸಂತೆಗೆ ಹೋದ ಹೊತ್ತು ನೋಡಿ ತೊಳೆ, ಬೀಜ, ಸಿಪ್ಪೆ ಎಲ್ಲವನ್ನೂ ಹಸುವಿನ ಮುಂದೆ ಸುರಿದೆ. ಅದು ಚಪ್ಪರಿಸಿ ತಿಂದಿತು. ಇಷ್ಟು ಖುಷಿಯಾಗಿ ತಿನ್ನೋದನ್ನ ಬೇಡ ಅಂತಾಳಲ್ಲ ಈ ಮುದುಕಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹಸು ಕುಡಿದವರ ಹಾಗೆ ತೂರಾಡುತ್ತಿತ್ತು. ಹತ್ತಿರ ಹೋದರೆ ನನ್ನ ಗುರುತೇ ಇಲ್ಲದೆ ಹಾಯಲು ಬಂತು. ಆಮೇಲೆ ಗೋಡೆಗೆ ಹಣೆಯೊತ್ತಿ ನಿಂತುಬಿಟ್ಟಿತು. ಅತ್ತೆ ಎದೆ ಬಡಿದುಕೊಂಡರು. ಆಗ ನಾನು ಆಡಿದ ಮಾತಿಗೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

"ಪಕ್ಕದ್ಮನೆ ಅಕ್ಕ ಮೊನ್ನೆ 'ನಿಮ್ಮ ಹಸ ಎಷ್ಟು ಚೆಂದಾಗೈತೆ' ಅಂದ್ರಲ್ಲತ್ತೆ, ಅವರ ಕಣ್ಣೇ ಬಿದ್ದಿರೋದು!"

ಬಜ್ಜಿ ಅಂಗಡಿ ಇಟ್ಟಿದ್ದ ಆ ಅಕ್ಕ, ನನ್ನ ಬಾಣಂತನದಲ್ಲಿ ಮಗುವಿಗೆ ನೀರು ಹಾಕಿದವರು. ಅತ್ತೆ ಅವರ ಬಾಗಿಲ ಮುಂದೆಯೇ ನಿಂತು ಬೀದಿಗೆಲ್ಲ ಕೇಳುವಂತೆ ಬೈದರು.

ದನದ ಡಾಕ್ಟರು ಬಂದರು. "ನೇತ್ತು ಎನ್ನಮ್ಮಾ ಪೋಟ್ಟೀಂಗ?" ನಿನ್ನೆ ಏನು ಹಾಕಿದಿರಿ ಎಂದು ತಮಿಳಿನಲ್ಲಿ ನನ್ನನ್ನೇ ಕೇಳಿದರು. ಹುಲ್ಲು, ಬೂಸಾ ಎಂದೆ. ನಿಜ ಹೇಳಿ, ತಿಂದದ್ದು ಗೊತ್ತಾಗದಿದ್ದರೆ ಇದು ಉಳಿಯೋದು ಕಷ್ಟ ಎಂದರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹುಲ್ಲು, ಬೂಸಾ ಎಂದೆ. ಅಷ್ಟರಲ್ಲಿ ಹಸು ಕುಸಿದು ಬಿತ್ತು.

"ಸಾರ್, ಅದು ಒಂದು ಹಲಸಿನಣ್ಣು ಪೂರ್ತಿ ತಿಂದೈತೆ." ಹಿತ್ತಿಲ ಮೋಟುಗೋಡೆಯ ಆಚೆಯಿಂದ ಅಕ್ಕನ ದನಿ. "ನಾನೇ ಹಾಕ್ಬುಟ್ಟೆ."

ಅಯ್ಯೋ, ಅವರು ನನ್ನನ್ನು ನೋಡಿದ್ದರು! ಡಾಕ್ಟರು ತಲೆಯಾಡಿಸಿದರು. ಹಿಟ್ಟು, ಸಿಹಿ ಎರಡೂ ತುಂಬಿದ ಹಣ್ಣು. ಅತಿಯಾದರೆ ಹೊಟ್ಟೆಯಲ್ಲಿ ಹುಳಿಯಾಗಿ, ಆ ಹುಳಿ ರಕ್ತಕ್ಕಿಳಿಯುತ್ತದೆ, ಮಿದುಳಿಗೆ ಬೇಕಾದ ವಿಟಮಿನ್ನೂ ಸಿಗದೆ ಹೋಗುತ್ತದೆ, ಅದಕ್ಕೇ ಈ ಹುಚ್ಚಾಟ ಎಂದರು. ಇಂಜೆಕ್ಷನ್ ಕೊಟ್ಟು ಅಡುಗೆ ಸೋಡಾ ಕೇಳಿದರು. ಅದನ್ನೂ ಅಕ್ಕನೇ ಅಂಗಡಿಯಿಂದ ತಂದುಕೊಟ್ಟರು.

ಹಸು ಉಳಿಯಿತು. ಅಕ್ಕ ಒಂದು ಸಲ ನನ್ನ ಕಡೆ ನೋಡಿ ಅಂಗಡಿಗೆ ಹೊರಟರು. ನನಗೆ ಬಾಯಿತ್ತು, ಆವತ್ತು ಇಡೀ ದಿನವೂ ಇತ್ತು. ಹೇಳಲಿಲ್ಲ. ನಾಚಿಕೆಗೇಡಿ ನಾನು.

ಅಕ್ಕ ಅಂಗಡಿಗೆ ಹೋಗುತ್ತಿದ್ದದ್ದು ನಮ್ಮ ಹಿತ್ತಿಲ ಪಕ್ಕದಲ್ಲೇ. ಅತ್ತೆ ತೀರಿಕೊಳ್ಳುವವರೆಗೂ ದಿನಾ ಬೆಳಿಗ್ಗೆ ಹಸುವಿನ ಮೈ ಸವರುತ್ತಾ ಅವರಿಗೆ ಹಿಡಿಶಾಪ ಹಾಕುತ್ತಿದ್ದರು. ಅಕ್ಕ ಕೇಳಿಸಿಕೊಂಡೇ ಹೋಗುತ್ತಿದ್ದರು. ನಾನು ತಲೆ ಎತ್ತದೆ ಹಾಲು ಕರೆಯುತ್ತಿದ್ದೆ.