ಅತ್ತೆಹುಳ, ಅಮ್ಮಹುಳ

ಬೀದಿಯವರೆಲ್ಲ ಅವಳನ್ನು ಕರೆಯುವುದು ಹುಳದ ಮೇಡಂ ಎಂದು. ತಾನು ನೋಡುವುದು ಹುಳಗಳನ್ನಲ್ಲ, ಸೀಗಡಿಯ ದೂರದ ನೆಂಟರನ್ನು, ಅವಕ್ಕೆ ಆಂಫಿಪಾಡ್ ಎಂಬ ಮರ್ಯಾದೆಯ ಹೆಸರಿದೆ ಎಂದು ತಿದ್ದಿ ತಿದ್ದಿ ಸುಸ್ತಾಗಿ, ಈಗ ಅವಳೂ ಹುಳ ಎಂದೇ ಹೇಳುತ್ತಾಳೆ. ಸಮುದ್ರದ ಪಾಚಿಯಲ್ಲಿ, ದೋಣಿ ಕಟ್ಟುವ ಹಗ್ಗದಲ್ಲಿ, ಕಲ್ಲಿನ ಸಂದಿಯಲ್ಲಿ ಇರುತ್ತವೆ. ಜೀರಿಗೆ ಕಾಳಿನಷ್ಟು ಗಾತ್ರ. ಯಾರೋ ಬಾಗಿಲ ಸಂದಿಗೆ ಸಿಕ್ಕಿಸಿ ಒತ್ತಿದ ಹಾಗೆ ಎರಡೂ ಪಕ್ಕ ಚಪ್ಪಟೆ. ಬೆನ್ನು ಬಾಗಿಸಿಕೊಂಡೇ ಹುಟ್ಟಿ, ಬಾಗಿಸಿಕೊಂಡೇ ದುಡಿದು, ಬಾಗಿಸಿಕೊಂಡೇ ಸಾಯುತ್ತವೆ. ಒಲೆ ಮುಂದೆ ನಿಂತು ಗೊತ್ತಿರುವವರಿಗೆ ಈ ಭಂಗಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳಲ್ಲಿ ಯಾವುದು ಯಾವ ಜಾತಿ ಎಂದು ಹೇಳುವುದು ಅವಳ ಕೆಲಸ. ಬಂದರಿನ ಪಕ್ಕದ ಸಂಗ್ರಹಾಲಯದಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಹಿಂಭಾಗದ ಕೋಣೆಯಲ್ಲಿ ಅವಳಿಗೊಂದು ಮೇಜು, ಒಂದು ಸೂಕ್ಷ್ಮದರ್ಶಕ, ಗೋಡೆ ತುಂಬ ಸ್ಪಿರಿಟ್ ತುಂಬಿದ ಸೀಸೆಗಳು. ಸೂಜಿಯ ತುದಿಯಿಂದ ಹುಳದ ಕಾಲನ್ನು ಒಂದೊಂದಾಗಿ ಬಿಡಿಸಿ, ಗಾಜಿನ ಮೇಲೆ ಗ್ಲಿಸರಿನ್ ಹನಿಯಲ್ಲಿ ಮಲಗಿಸಿ, ಅದರ ಪ್ರತಿಯೊಂದು ಮುಳ್ಳು, ಪ್ರತಿಯೊಂದು ಕೂದಲಿನ ಚಿತ್ರ ಬರೆಯಬೇಕು. ಸೀನು ಬಂದರೆ ಎದ್ದು ಹೊರಗೆ ಓಡಬೇಕು. ಒಮ್ಮೆ ಓಡಲಾಗದೆ ಒಂದು ಎಡ ದವಡೆ ಹಾರಿಹೋಯಿತು. ಅದು ಇನ್ನೂ ಆ ಕೋಣೆಯಲ್ಲೇ ಎಲ್ಲೋ ಇದೆ.

ಮನೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಗಂಡ, ಗಂಡನ ತಾಯಿ ಮತ್ತು ಅವಳ ತಾಯಿ. ಇಬ್ಬರು ಬೀಗಿತ್ತಿಯರಿಗೂ ಒಂದೇ ಕೋಣೆ, ಒಂದೇ ಫ್ಯಾನು. ಫ್ಯಾನು ಎಷ್ಟರಲ್ಲಿ ತಿರುಗಬೇಕೆಂಬುದನ್ನು ಬಿಟ್ಟರೆ ಬೇರೆ ಜಗಳವಿರಲಿಲ್ಲ. ಬೀದಿಯಲ್ಲಿ ಅತ್ತೆಯನ್ನು ಅಂಗಡಿಯವರ ತಾಯಿ ಎನ್ನುತ್ತಿದ್ದರು, ಅಮ್ಮನನ್ನು ಮೇಡಂ ತಾಯಿ. ಅದಕ್ಕೂ ಮೊದಲು ಒಬ್ಬರು ಮೇಷ್ಟ್ರ ಹೆಂಡತಿ, ಇನ್ನೊಬ್ಬರು ಗುಮಾಸ್ತರ ಹೆಂಡತಿ. ಹೀಗಾಗಿ ಹಿಂದೊಮ್ಮೆ ಮೇಡಂಗೆ ಜಗತ್ತಿನಲ್ಲಿ ಯಾರೂ ಹೆಸರಿಡದ ಎರಡು ಹೊಸ ಜಾತಿ ಸಿಕ್ಕಿದಾಗ ಅವಳು ಹೆಚ್ಚು ಯೋಚಿಸಲಿಲ್ಲ. ಒಂದಕ್ಕೆ ಅತ್ತೆಯ ಹೆಸರು, ಇನ್ನೊಂದಕ್ಕೆ ಅಮ್ಮನ ಹೆಸರು. ಎರಡಕ್ಕೂ ಲ್ಯಾಟಿನ್ ಬಾಲ ಅಂಟಿಸಿ, ಒಂದೇ ಪುಸ್ತಿಕೆಯಲ್ಲಿ ಎದುರುಬದುರು ಪುಟದಲ್ಲಿ ಅಚ್ಚು ಹಾಕಿಸಿದಳು. ಕೊನೆಯಲ್ಲಿ ‘ತಾಳ್ಮೆಯಿಂದ ಸಹಕರಿಸಿದ ಪತಿಗೆ’ ಧನ್ಯವಾದ. ತಾಳ್ಮೆ ಎಂದರೆ, ಊಟ ತಡವಾದ ದಿನ ಅವನು ಗಡಿಯಾರವನ್ನು ಮಾತ್ರ ನೋಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ.

ಎರಡು ಚಿತ್ರಗಳಿಗೂ ಚೌಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಿದ್ದಾಯಿತು. ಅತ್ತೆಹುಳಕ್ಕೆ ಭಾರಿ ಇಕ್ಕಳದಂಥ ಮುಂಗೈ. ಅಮ್ಮಹುಳದ ಕೈ ಚಿಕ್ಕದು, ಹೊಟ್ಟೆ ದೊಡ್ಡದು.

"ನಂದು ಒಂದೇಟು ಕೊಟ್ರೆ ಎದ್ದೇಳ್ಬಾರ್ದು," ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು.

"ನಮ್ಮದು ಯಾರ ತಂಟೆಗೂ ಹೋಗೋದಿಲ್ಲಪ್ಪ," ಎನ್ನುತ್ತಿದ್ದರು ಅಮ್ಮ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಸಂಗ್ರಹಾಲಯದಲ್ಲಿ ಸ್ಪಿರಿಟ್ ಮುಗಿಯಿತು.

ಯಾವಾಗಲೂ ಅವಳು ಬಂದರಿನಲ್ಲೇ ಪಾಚಿಯನ್ನು ಸ್ಪಿರಿಟ್ಟಿಗೆ ಅದ್ದಿ, ಹುಳಗಳೆಲ್ಲ ಸತ್ತ ಮೇಲೆ ತರುತ್ತಿದ್ದಳು. ಜೀವಂತ ತಂದರೆ ಆರಿಸಲು ಹೊತ್ತು ಬೇಕು, ಮನೆಯ ಒಲೆ ಅಷ್ಟು ಹೊತ್ತು ಕಾಯುವುದಿಲ್ಲ. ಅವತ್ತು ಬೇರೆ ದಾರಿಯಿಲ್ಲದೆ ಬಕೆಟ್ಟಿನಲ್ಲಿ ಸಮುದ್ರದ ನೀರಿನ ಸಮೇತ ತಂದು ಬಿಳಿ ತಟ್ಟೆಗೆ ಸುರಿದಳು. ತಟ್ಟೆಯ ತುಂಬ ಓಡಾಟ. ನಡುವೆ ಒಂದು ಅತ್ತೆಹುಳ. ಅದು ತನ್ನ ಇಕ್ಕಳದಿಂದ ಒಂದು ಅಮ್ಮಹುಳದ ಬೆನ್ನು ಹಿಡಿದು, ಸಂತೆಗೆ ಹೊರಟವರು ಕೈಚೀಲ ಹಿಡಿದ ಹಾಗೆ ಹೊತ್ತುಕೊಂಡು ಈಜುತ್ತಿತ್ತು. ಸೂಜಿಯಿಂದ ಬಿಡಿಸಿದಳು. ತಟ್ಟೆಯೆಲ್ಲ ಹುಡುಕಾಡಿ ಮತ್ತೆ ಹಿಡಿದುಕೊಂಡಿತು. ಪಕ್ಕದಲ್ಲಿ ಇನ್ನೊಂದು ಜೋಡಿ. ಮೂಲೆಯಲ್ಲಿ ಮತ್ತೊಂದು.

ಈ ಕುಲದಲ್ಲಿ ಹೆಣ್ಣನ್ನು ಹೀಗೆ ಹೊತ್ತು ತಿರುಗುವುದು ಗಂಡು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಪಾಠ ಹೇಳಿದ್ದಾಳೆ. ಪುಸ್ತಿಕೆ ತೆಗೆದಳು. ಅತ್ತೆಹುಳದ ಪುಟದ ಕೊನೆಯಲ್ಲಿ, ‘ಹೆಣ್ಣು ಈವರೆಗೆ ಸಿಕ್ಕಿಲ್ಲ.’ ಎದುರು ಪುಟದಲ್ಲಿ ಅಮ್ಮಹುಳದ ಕೊನೆಗೆ, ‘ಗಂಡು ಈವರೆಗೆ ಸಿಕ್ಕಿಲ್ಲ.’ ಪುಸ್ತಿಕೆ ಮುಚ್ಚಿದಾಗಲೆಲ್ಲ ಇಬ್ಬರೂ ಮುಖಕ್ಕೆ ಮುಖ ತಾಗಿಸಿಕೊಂಡು ಮಲಗುತ್ತಿದ್ದರು, ಇಷ್ಟು ವರ್ಷ.

ಇಷ್ಟು ದೊಡ್ಡ ತಪ್ಪು ಹೇಗಾಯಿತು ಎಂದು ಬೇರೆಯವರು ಕೇಳಬಹುದು. ಅತ್ತೆಹುಳದ ಚಿತ್ರ ಬರೆದದ್ದು ಬೆಳಗ್ಗೆ ತಿಂಡಿ ಮಾಡಿಟ್ಟು ಬಂದ ಮೇಲೆ. ಅಮ್ಮಹುಳದ್ದು ಸಂಜೆ, ಮನೆಗೆ ತರಕಾರಿ ಕೊಳ್ಳಲು ಓಡುವ ಮೊದಲು. ಬೆಳಗಿನ ಗಾಜನ್ನು ಸಂಜೆಯ ಗಾಜಿನ ಪಕ್ಕ ಇಟ್ಟು ನೋಡುವಷ್ಟು ಉದ್ದದ ದಿನ ಅವಳಿಗೆ ಸಿಕ್ಕಿರಲಿಲ್ಲ.

ತಪ್ಪನ್ನು ಒಪ್ಪಿಕೊಂಡು ಬರೆದುಬಿಡುವುದು ಕಷ್ಟವೇನಲ್ಲ. ಕಷ್ಟವಿದ್ದದ್ದು ಅದರ ನಂತರದ ನಿಯಮದಲ್ಲಿ. ಒಂದು ಜಾತಿಗೆ ಎರಡು ಹೆಸರಿದ್ದರೆ ಮೊದಲು ಅಚ್ಚಾದದ್ದು ಉಳಿಯುತ್ತದೆ. ಎರಡೂ ಒಂದೇ ದಿನ ಒಂದೇ ಪುಸ್ತಿಕೆಯಲ್ಲಿ ಅಚ್ಚಾಗಿದ್ದರೆ, ತಪ್ಪನ್ನು ಮೊದಲು ಅಚ್ಚಿನಲ್ಲಿ ಹೇಳುವವರು ಯಾವುದನ್ನು ಆರಿಸುತ್ತಾರೋ ಅದೇ ಉಳಿಯುತ್ತದೆ. ಅಂದರೆ ಅತ್ತೆ ಮತ್ತು ಅಮ್ಮನಲ್ಲಿ ಒಬ್ಬರನ್ನು ಅವಳೇ ಆರಿಸಬೇಕು, ಅದೂ ಎಲ್ಲರೂ ಓದುವ ಹಾಗೆ.

ಸುಮ್ಮನಿದ್ದುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಫೋನು ಬಂತು. ಹಿಂದೆ ಅವಳ ಕೈಕೆಳಗೆ ಕೆಲಸ ಕಲಿತು ಈಗ ಬೇರೆ ಊರಿನ ಸಂಸ್ಥೆಯಲ್ಲಿರುವ ಗಡ್ಡದವನು.

"ಮೇಡಂ, ನನ್ನ ತೊಟ್ಟೀಲಿ ನಿಮ್ಮ ಅತ್ತೆ ನಿಮ್ಮಮ್ಮನ್ನ ಎತ್ಕೊಂಡು ಓಡಾಡ್ತಿದಾರೆ."

"ಗೊತ್ತು ಕಣೋ."

"ನೀವು ಬರೀತೀರಾ, ನಾನು ಬರೀಲಾ?"

"ನೀನು ಬರೆದ್ರೆ ಯಾವ ಹೆಸರು ಉಳಿಸ್ತೀಯ?"

"ಚಿಕ್ಕದಿರೋದು. ಸೀಸೆ ಮೇಲೆ ಬರೆಯೋಕೆ ಸುಲಭ."

"ಫೋನ್ ಇಡು. ನಾನೇ ಬರೀತೀನಿ."

ಊಟಕ್ಕೆ ಮುಂಚೆ ಹೇಳಿದರೆ ಎಲ್ಲರೂ ಉಪವಾಸ, ಆಮೇಲೆ ಹೇಳಿದರೆ ಅಜೀರ್ಣ. ಆದ್ದರಿಂದ ಊಟದ ನಡುವೆ ಹೇಳಿದಳು.

"ನಿಮ್ಮಿಬ್ಬರ ಹುಳ ಬೇರೆ ಬೇರೆ ಅಲ್ಲ, ಒಂದೇ ಜಾತಿ."

"ಒಳ್ಳೇದೇ ಆಯ್ತಲ್ಲ," ಎಂದರು ಅಮ್ಮ.

"ಅತ್ತೇದು ಗಂಡು, ನಿಂದು ಹೆಣ್ಣು."

ಅತ್ತೆಯ ತುತ್ತು ಕೈಯಲ್ಲೇ ನಿಂತಿತು. "ಅಂದ್ರೆ? ನಾನು ಇವರ ಗಂಡನಾ?"

"ಹಾಗಾದ್ರೆ ನಾವಿಬ್ರೂ ಅಣ್ಣ ತಂಗಿ ಆದ್ವಲ್ಲೇ!" ಎಂದ ಅವಳ ಗಂಡ.

"ನೀನು ಸುಮ್ನೆ ತಿನ್ನೋ," ಎಂದರು ಅತ್ತೆ.

ಒಂದೇ ಹೆಸರು ಉಳಿಯುತ್ತದೆ ಎಂಬುದನ್ನೂ ಹೇಳಿದಳು. ಮೊದಮೊದಲು ಇಬ್ಬರೂ ತ್ಯಾಗಕ್ಕೆ ನಿಂತರು. ನಿಮ್ಮದೇ ಇರಲಿ ಬೀಗಿತ್ತಿ, ಛೆ, ಎಲ್ಲಾದ್ರೂ ಉಂಟೆ, ನಿಮ್ಮದೇ ಇರಲಿ. ಬಸ್ಸಿನಲ್ಲಿ ಒಂದೇ ಸೀಟಿದ್ದಾಗ ಆಗುವಂತೆ ಇಬ್ಬರೂ ನಿಂತೇ ಇದ್ದರು. ಸಾಕಾಗಿ ಅವಳು, "ಸರಿ, ಅತ್ತೇದೇ ಇರ್ಲಿ ಹಾಗಾದ್ರೆ," ಎಂದಳು.

ಅಮ್ಮನ ಮುಖ ಇಳಿಯಿತು. "ಇನ್ನೊಂದ್ಸಲ ಕೇಳ್ಬಾರ್ದಿತ್ತೇನೇ? ಅಷ್ಟು ಬೇಗ ಒಪ್ಕೊಂಡ್ಬಿಟ್ಟೆ."

"ಸರಿ, ನಿಂದೇ ಇರ್ಲಿ."

"ಓಹೋ," ಎಂದರು ಅತ್ತೆ. "ಹೆತ್ತ ತಾಯಿ ಅಲ್ವಾ. ಇರ್ಲಿ ಇರ್ಲಿ. ಹೋದ ಹೆಸರು ಎಲ್ಲಿಗೆ ಹೋಗತ್ತೆ?"

"ಎಲ್ಲಿಗೂ ಹೋಗಲ್ಲ ಅತ್ತೆ. ಉಳಿದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರತ್ತೆ."

"ಎಷ್ಟು ಸಣ್ಣ?"

"ನಾಣ್ಯ ಚಿಮ್ಮೋಣ," ಎಂದ ಗಂಡ, ಸಮಸ್ಯೆ ಬಗೆಹರಿಸಿದ ಸಂತೋಷದಲ್ಲಿ.

"ನೀನೆದ್ದು ಪಾತ್ರೆ ತೊಳಿ," ಎಂದರು ಇಬ್ಬರೂ ಒಟ್ಟಿಗೆ. ಆ ಸಂಜೆ ಅವರಿಬ್ಬರು ಒಪ್ಪಿದ್ದು ಅದೊಂದನ್ನೇ. ಅವನು ಎದ್ದುಹೋಗಿ, ಪಾತ್ರೆ ತೊಳೆಯುವ ಪುಡಿ ಎಲ್ಲಿದೆ ಎಂದು ಕೂಗಿ ಕೇಳಿದ.

ಮಾರನೆಯ ದಿನದಿಂದ ಬೀಗಿತ್ತಿಯರ ನಡುವೆ ನೇರ ಮಾತಿಲ್ಲ. ಫ್ಯಾನು ಜೋರಾಯಿತು ಎಂಬುದನ್ನು ಅತ್ತೆ ಕನ್ನಡಕದ ಅಂಗಡಿಗೆ ಫೋನು ಮಾಡಿ ಮಗನಿಗೆ ಹೇಳಿದರು. ಅವನು ಗಿರಾಕಿಯನ್ನು ಕೂರಿಸಿಬಿಟ್ಟು ಮನೆಗೆ ಫೋನು ಮಾಡಿ ಅದನ್ನು ಅಮ್ಮನಿಗೆ ತಿಳಿಸಿದ. ಕಡಿಮೆ ಮಾಡಿದರೆ ತಮಗೆ ಸೆಕೆ ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸ್ ಬಂತು. ಕೊನೆಗೆ ಅತ್ತೆಯೇ, "ಕಣ್ಣಾರೆ ನೋಡದೆ ನಾನು ಏನೂ ಒಪ್ಪಲ್ಲ," ಎಂದರು. ಅಮ್ಮನೂ ಸೀರೆ ಬದಲಾಯಿಸಿದರು. ಇಬ್ಬರನ್ನೂ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕಾಯಿತು.

ಅತ್ತೆ ಮೊದಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇದು ಇವರನ್ನ ಕೆಳಗೆ ಇಳಿಸೋದೇ ಇಲ್ವಾ?"

"ಹೆಣ್ಣು ಪೊರೆ ಬಿಡೋ ತನಕ ಇಳಿಸಲ್ಲ ಅತ್ತೆ. ಆವಾಗ ಮಾತ್ರ ಕೂಡೋಕಾಗೋದು. ಅದಕ್ಕೇ ಕಾವಲು."

"ಕಾವಲಂತೆ," ಎಂದರು ಅಮ್ಮ. "ಕೈಬಿಟ್ರೆ ಅವಳಿಗೆ ಬೇರೆ ಕೆಲಸ ಇರತ್ತೆ ಅಂತ ಭಯ."

"ಆಮೇಲೆ?" ಎಂದರು ಅತ್ತೆ.

"ಆಮೇಲೆ ಬಿಟ್ಟು ಹೋಗತ್ತೆ. ಮೊಟ್ಟೆ, ಮರಿ ಎಲ್ಲ ಹೆಣ್ಣಿನ ಹೊಟ್ಟೆ ಕೆಳಗಿನ ಚೀಲದಲ್ಲಿ ಬೆಳೆಯೋದು. ದಿನವಿಡೀ ಕಾಲು ಆಡಿಸಿ ಅವಕ್ಕೆ ನೀರು ಬೀಸ್ತಾ ಇರ್ಬೇಕು."

"ಇದು ಆವಾಗ ಎಲ್ಲಿರತ್ತೆ?"

"ಇನ್ನೊಂದನ್ನ ಎತ್ಕೊಂಡಿರತ್ತೆ."

ಅತ್ತೆ ಕಣ್ಣು ತೆಗೆದು ಸೆರಗಿನಿಂದ ಒರೆಸಿಕೊಂಡರು. "ಇದರ ಕೈ ತೋರಿಸಿ ಊರಿಗೆಲ್ಲ ಜಂಬ ಕೊಚ್ಕೊಂಡ್ನಲ್ಲ. ಥೂ."

"ಹೋಗ್ಲಿ ಬಿಡಿ," ಎಂದರು ಅಮ್ಮ. ಅದು ಅಷ್ಟು ದಿನಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು. "ಹಾಗಾದ್ರೆ ನಿಮ್ಮ ಹೆಸರು ತೆಗೆಸಿಬಿಡಿ."

"ಅದು ಬೇಡ."

"ಈಗ ತಾನೆ ಥೂ ಅಂದ್ರಿ?"

"ಹುಳಕ್ಕೆ ಅಂದೆ. ಹೆಸರಿಗಲ್ಲ." ಅತ್ತೆ ಮುರಿದ ಕುರ್ಚಿಯೊಂದರ ಗಟ್ಟಿಯಿದ್ದ ಅಂಚಿನಲ್ಲಿ ಕುಳಿತರು. "ನನ್ನ ಹೆಸರು ಹಿಡಿದು ಕರೆಯೋರು ಈಗ ಯಾರಿದಾರೆ ಹೇಳಿ. ನಮ್ಮಕ್ಕ ಒಬ್ಬಳಿದ್ಲು, ಹೋದ್ಲು. ಅಚ್ಚಾಗಿ ಬಂದಿದ್ದು ಅಲ್ಲೊಂದೇ ಕಡೆ. ಹೆಸರು ಉಳಿದ್ರೆ ಗಂಡು ಹೆಣ್ಣು ಎರಡಕ್ಕೂ ಸೇರತ್ತೆ ತಾನೆ? ಆ ಹೆಣ್ಣಿಗಾದ್ರೂ ಇರ್ಲಿ ಅಂತ ಆಸೆ."

ಅಮ್ಮ ತಮ್ಮ ಸರದಿಗೆ ಬಗ್ಗಿ ನೋಡಿದರು, ನೋಡುತ್ತಲೇ ಇದ್ದರು. ಎಷ್ಟು ನೋಡಿದರೂ ಮುಗಿಯದಿದ್ದಾಗ ಮೇಡಂ ಇಣುಕಿದಳು. ತಟ್ಟೆಯಲ್ಲಿದ್ದ ಜೋಡಿ ಆಗಲೇ ಪಾಚಿಯೊಳಗೆ ಸೇರಿಕೊಂಡಿತ್ತು, ಕಾಣುತ್ತಿದ್ದದ್ದು ಬಿಳಿ ತಟ್ಟೆ ಮಾತ್ರ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಮೇಡಂ ಮುಂದಿನ ಸೀಟಿನಲ್ಲಿ. ಬಸ್ಸಿನ ಗಡಗಡದ ನಡುವೆ ಹಿಂದಿನಿಂದ ಅಮ್ಮನ ದನಿ ಕೇಳಿಸಿತು.

"ಬೀಗಿತ್ತಿ, ಹೆಸರು ನಿಮ್ಮದೇ ಇರ್ಲಿ. ಆದ್ರೆ ಬೆಳ್ಳುಳ್ಳಿ ಸುಲಿಯೋದು ಇನ್ಮೇಲೆ ನಿಮ್ಮದು."

"ಎಷ್ಟು ದಿನ?"

"ಹೆಸರು ಎಷ್ಟು ದಿನ ಇರತ್ತೋ ಅಷ್ಟು ದಿನ. ಏನೇ, ಎಷ್ಟು ದಿನ ಇರತ್ತೆ?"

"ಶಾಶ್ವತ," ಎಂದಳು ಮೇಡಂ, ತಿರುಗಿ ನೋಡದೆ.

ಅತ್ತೆ ಯೋಚಿಸಿದರು. ಒಂದು ಸ್ಟಾಪು ಹೋಯಿತು. ಇನ್ನೊಂದು ಹೋಯಿತು. "ಫ್ಯಾನೂ ಬೇಕಾ ನಿಮಗೆ?"

"ಫ್ಯಾನು ಬೇಡ. ಬೆಳ್ಳುಳ್ಳಿ ಒಂದೇ. ಮದುವೆ ಆದಾಗಿಂದ ಸುಲೀತಿದೀನಿ, ಉಗುರಲ್ಲೇ ವಾಸನೆ ಕೂತುಬಿಟ್ಟಿದೆ. ಹೆಸರು ಉಳಿಯೋದು ನಾನು ಹೋದ್ಮೇಲಿನ ಮಾತು. ಕೈಗೆ ಬಿಡುವು ಇವತ್ತು ಬೇಕು."

"ಆಯ್ತು. ಒಪ್ಪಿದೆ."

ಮನೆಗೆ ಬಂದು ಬಟ್ಟೆ ಮಡಚುವಾಗ ಅವಳು ಅಮ್ಮನನ್ನು ಕೇಳಿದಳು. "ನಿಜವಾಗ್ಲೂ ಬೇಜಾರಿಲ್ವಾ?"

"ಸ್ವಲ್ಪ ಇದೆ," ಎಂದರು ಅಮ್ಮ. "ಆದ್ರೂ ನನ್ನ ಹೆಸರು ನೀನು ಮರೆಯಲ್ಲ. ಅವರಿಗೆ ಪಾಪ, ಇವನೊಬ್ಬ."

ಇವನೊಬ್ಬ ಆಗ ಬಾಗಿಲಲ್ಲಿ ನಿಂತು ತನ್ನ ಟವಲು ಯಾವುದು ಎಂದು ಕೇಳುತ್ತಿದ್ದ.

ಮೇಡಂ ಬರೆದಳು. ಎರಡೂ ಒಂದೇ ಜಾತಿ, ತಪ್ಪು ನನ್ನದು, ಉಳಿಯುವ ಹೆಸರು ಇದು. ಅಚ್ಚಾದ ದಿನವೇ ಗಡ್ಡದವನು ಫೋನು ಮಾಡಿದ.

"ಮೇಡಂ, ಉದ್ದದ ಹೆಸರೇ ಉಳಿಸಿದೀರ. ಆಧಾರ ಏನು?"

"ಬೆಳ್ಳುಳ್ಳಿ."

"ಏನಂದ್ರಿ?"

"ಕಾರಣ ಕೊಡ್ಬೇಕು ಅಂತ ನಿಯಮ ಇಲ್ಲ ಕಣೋ. ಸೀಸೆಗೆ ದೊಡ್ಡ ಚೀಟಿ ಅಂಟಿಸ್ಕೋ."

ಅಮ್ಮ ಈಗ ಕಿಟಕಿಯ ಬಳಿ ಕೈಕಟ್ಟಿ ಕೂರುತ್ತಾರೆ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ಮೊದಲ ಕೆಲವು ದಿನ ತಿಳಿಯದೆ ತಲೆಯ ಮೇಲೆ, ಸೊಂಟದ ಮೇಲೆ, ಕಿಟಕಿಯ ಸರಳಿನ ಮೇಲೆ ಇಟ್ಟು ನೋಡಿದರು. ಆಮೇಲೆ ರೂಢಿಯಾಯಿತು. ಅತ್ತೆ ಮೊದಲ ವಾರ ಬೆಳ್ಳುಳ್ಳಿಯನ್ನು ಗತ್ತಿನಿಂದ ಸುಲಿದರು, ಎರಡನೆಯ ವಾರ ನಿಟ್ಟುಸಿರಿನಿಂದ. ಮೂರನೆಯ ವಾರದ ಭಾನುವಾರ, ಬೆರಳ ತುದಿ ಉರಿಯುತ್ತಿದ್ದಾಗ, ಸೋಫಾದಲ್ಲಿ ಕಾಲು ಚಾಚಿದ್ದ ಮಗನನ್ನು ಕರೆದರು.

"ಬಾರೋ ಇಲ್ಲಿ. ನಿಮ್ಮಮ್ಮನ ಹೆಸರು ಉಳೀಬೇಕೋ ಬೇಡ್ವೋ?"

"ಇದೇನಮ್ಮ ಹೀಗೆ ಕೇಳ್ತೀಯ? ಉಳೀಬೇಕು."

"ಹಾಗಾದ್ರೆ ಸುಲಿ."

ಅವನು ನೆಲಕ್ಕೆ ಕುಳಿತು, ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು, ಮೊದಲ ಗೆಡ್ಡೆಯನ್ನು ಯಾವ ಕಡೆಯಿಂದ ಬಿಡಿಸಬೇಕೆಂದು ತಿರುಗಿಸಿ ತಿರುಗಿಸಿ ನೋಡಿದ. ಅರ್ಧ ಗೆಡ್ಡೆ ಮುಗಿಯುವಷ್ಟರಲ್ಲಿ ತಲೆ ಎತ್ತಿದ.

"ಎಷ್ಟು ದಿನ ಅಮ್ಮ ಇದು?"

"ನಿನ್ನ ಹೆಂಡ್ತೀನ ಕೇಳು. ಬರೆದಿರೋದು ಅವಳು."