ಬೇಡವೆಂದರೂ ಕರೆದವರು

ಮೊನ್ನೆ ಮಗಳು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಬಾಯಮ್ಮನ ಸೀರೆಗೆ, ಕೈಗೆ, ಅವರು ಕುಡಿಯಲು ಕೊಡುತ್ತಿದ್ದ ಚಾಕ್ಕೂ ಇದೇ ವಾಸನೆ ಇರುತ್ತಿತ್ತು...

ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದು. ಇವರು ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಯವರು. ಮದುವೆಯಾಗಿರಲಿಲ್ಲ. ಮನೆಯಲ್ಲೇ ರವಿಕೆ, ಫ್ರಾಕು ಹೊಲಿಯುತ್ತಿದ್ದರು. ನಾನು ಹೊಳೆಯಾಚೆಯ ಬೆಂಗ್ರೆಯವಳು, ಮೀನುಗಾರರ ಮಗಳು. ಅಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಆಚೆ ಮನೆಯಿಂದ ಕಷಾಯ ಬರುತ್ತಿತ್ತು. ಮದುವೆಯಾದ ಎರಡೇ ತಿಂಗಳಿಗೆ ಗಂಡ ದುಬೈಗೆ ಹೋದರು. ಅವರ ಫೋನು ವಾರಕ್ಕೊಮ್ಮೆ. ಶಕ್ತಿನಗರದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ತವರಿಗೆ ಹೋಗೋಣವೆಂದರೆ ಎರಡು ಕೋಣೆಯಲ್ಲಿ ಅಣ್ಣನ ಸಂಸಾರವೇ ಹಿಡಿಸುತ್ತಿರಲಿಲ್ಲ. ಮೇಲಾಗಿ ನನ್ನ ಸೊಕ್ಕು ಬೇರೆ. ಟೌನಿನಲ್ಲಿ ಆರಾಮ ಇದ್ದೇನೆ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡಾಗಿತ್ತು.

ಬಂದ ಮೂರನೇ ದಿನವೇ ಬಾಯಮ್ಮ ಗೋಡೆಯಾಚೆಯಿಂದ ಕರೆದರು. "ಒಬ್ಬಳೇ ಎಂತ ಮಾಡ್ತಿ? ಚಾ ಕುಡೀಲಿಕ್ಕೆ ಬಾ."

ಕೆಲಸ ಉಂಟು ಅಂದೆ. ಎಂತ ಕೆಲಸ, ಮಣ್ಣು! ಟಿ.ವಿ. ಹಾಕಿ ಗೋಡೆ ನೋಡುವ ಕೆಲಸ. "ಸುಮ್ಮನೆ ಯಾರು ಕರೀತಾರೆ ಮಾರಾಯ್ತಿ? ಆಮೇಲೆ ಇಗರ್ಜಿಗೆ ಬಾ ಅಂತಾರೆ ನೋಡು" ಎಂದು ಅತ್ತಿಗೆ ಫೋನಿನಲ್ಲಿ ಹೆದರಿಸಿದ್ದಳು. ಎರಡನೇ ಸಲ ಕರೆದಾಗ ತಲೆನೋವು ಅಂದೆ. ಮೂರನೇ ಸಲ ಕೇಳಿಸದವಳ ಹಾಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಜ್ವರ ಬಂತು. ಮೂರು ದಿನ ಮಲಗಿದ್ದೆ. ನಾಲ್ಕನೇ ದಿನ ಗ್ಯಾಸಿನವನು ಬಾಗಿಲು ತಟ್ಟಿದಾಗ "ಬಂದೆ" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಅಷ್ಟು ದಿನದಿಂದ ಒಂದು ಮಾತೂ ಆಡಿರಲಿಲ್ಲ. ಸತ್ತುಹೋಗಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಎಂದು ಹೆದರಿ, ಕೂತು ಅತ್ತೆ.

ಅದೇ ಸಂಜೆ ಬಾಯಮ್ಮ ಮತ್ತೆ ಕರೆದರು. "ನಾಡಿದ್ದು ನಮ್ಮ ತೆನೆ ಹಬ್ಬ. ಊಟಕ್ಕೆ ಬಾ, ಆಯ್ತಾ?" ಬೇಡ ಎನ್ನಲು ಹೊರಟವಳು "ಬರ್ತೇನೆ" ಅಂದುಬಿಟ್ಟೆ.

ಬರಿಗೈಯಲ್ಲಿ ಹೋಗುವುದುಂಟೇ? ಅಣ್ಣನಿಗೆ ಹೇಳಿ ಬೆಳಿಗ್ಗೆ ಮೊದಲ ದೋಣಿಯಲ್ಲೇ ತಾಜಾ ಬಂಗುಡೆ ತರಿಸಿದೆ. ಬಾಯಮ್ಮನಿಗೆ ಮೀನೆಂದರೆ ಜೀವ, ಅದು ದಿನಾ ಗೋಡೆ ದಾಟಿ ಬರುವ ಪರಿಮಳದಿಂದಲೇ ಗೊತ್ತಿತ್ತು. ಹುಳಿ ಖಾರ ಹದವಾಗಿ ಹಾಕಿ ಪುಳಿಮುಂಚಿ ಮಾಡಿದೆ. ದೊಡ್ಡ ಜಂಬದಿಂದ ಪಾತ್ರೆ ಹೊತ್ತು ಹೋದೆ. ಅವರ ತಮ್ಮ, ತಮ್ಮನ ಹೆಂಡತಿ ಬಂದಿದ್ದರು. ಮೇಜಿನ ತುಂಬ ಬೆಂಡೆ, ಹೀರೆ, ಕೆಸು, ಪಾಯಸ... ನಾನು ಮುಚ್ಚಳ ತೆಗೆದೆ.

"ಅಯ್ಯೋ, ಇವತ್ತು ಮೀನಾ!" ಎಂದರು ತಮ್ಮನ ಹೆಂಡತಿ.

ಮೇರಿಯಮ್ಮ ಹುಟ್ಟಿದ ಆ ಒಂದು ದಿನ ಅವರ ಮನೆಗಳಲ್ಲಿ ತರಕಾರಿ ಊಟವೇ ಕ್ರಮವಂತೆ. ನನಗೇನು ಗೊತ್ತು! ಭೂಮಿ ಬಾಯಿಬಿಡಬಾರದೇ ಅನಿಸಿತು. ಪಾತ್ರೆ ಎತ್ತಿಕೊಂಡೆ. ಇನ್ನು ಈ ಕಡೆ ತಲೆಹಾಕುವುದಿಲ್ಲ, ನಾಳೆಯೇ ಬೀಗ ಹಾಕಿ ಬೆಂಗ್ರೆಗೆ ಹೋಗಿ ಅಣ್ಣನ ಜಗಲಿಯಲ್ಲಾದರೂ ಬಿದ್ದಿರುತ್ತೇನೆ ಎಂದು ನಿಂತ ನಿಲುವಿನಲ್ಲೇ ತೀರ್ಮಾನಿಸಿದೆ.

ಬಾಯಮ್ಮ ಪಾತ್ರೆಯನ್ನು ಕಿತ್ತುಕೊಂಡರು. "ಎಲ್ಲಿಗೆ ಹೋಗುದು ನೀನು? ಪುಳಿಮುಂಚಿ ಮಾಡಿದ ದಿನ ಯಾರು ತಿಂತಾರೆ? ಅದು ಮರುದಿನಕ್ಕೇ ರುಚಿ. ನಾಳೆಯೂ ಬಾ, ಇಬ್ರೂ ತಿನ್ನುವ."

ಇಗರ್ಜಿಯಿಂದ ತಂದ ತೆನೆಯ ಅಕ್ಕಿಯನ್ನು ಪುಡಿಮಾಡಿ ಹಾಲಿಗೆ ಹಾಕಿಟ್ಟಿದ್ದರು. ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರಿಗೆ ಒಂದೊಂದು ಚಮಚ. ತಮ್ಮ, ತಮ್ಮನ ಹೆಂಡತಿ, ಆಮೇಲೆ ನಾನು. ನಮ್ಮಲ್ಲೂ ಹೊಸ ಅಕ್ಕಿ ಊಟ ಉಂಟು. ಅದನ್ನು ಮನೆಯವರೇ ಒಟ್ಟಿಗೆ ಕೂತು ಉಣ್ಣುವುದು. ಹಾಗಾಗಿ ಆ ಚಮಚದ ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮರುದಿನ ಹೋದೆ. ಅದರ ಮರುದಿನವೂ ಹೋದೆ. ಗಂಡ ಊರಿಗೆ ಬಂದು ನೆಲೆಸಿದ ಮೇಲೂ, ಮಗಳು ಹುಟ್ಟಿದ ಮೇಲೂ ಹೋಗುತ್ತಲೇ ಇದ್ದೆ. ಸಂಜೆ ಅವರು ಒಳಗೆ ಜಪಮಾಲೆ ಹಿಡಿದು ಕೂತರೆ ನಾನು ಜಗಲಿಯಲ್ಲಿ ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದೆ. ಒಂದು ದಿನವೂ ಪ್ರಾರ್ಥನೆಗೆ ಬಾ ಎನ್ನಲಿಲ್ಲ. ಒಮ್ಮೆ ನಾನೇ ಕೇಳಿದೆ, ಅಷ್ಟು ಸಲ ಬೇಡ ಅಂದವಳನ್ನು ಮತ್ತೆ ಯಾಕೆ ಕರೆದಿರಿ ಎಂದು.

"ಒಬ್ಬಳೇ ಉಣ್ಣುದು ನನಗೂ ಬೇಜಾರೇ ಮಾರಾಯ್ತಿ" ಎಂದು ನಕ್ಕರು. "ಯೇಸುಸ್ವಾಮಿಯೂ ಒಬ್ಬನೇ ಕೂತು ಉಂಡದ್ದು ನಾನೆಲ್ಲೂ ಓದಿದ ನೆನಪಿಲ್ಲ."

ಅವರು ತೀರಿಹೋಗಿ ಮೂರು ವರ್ಷವಾಯಿತು. ಈಗ ಆ ಮನೆಯಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ನರ್ಸ್ ಕೆಲಸ, ಒಬ್ಬಳೇ. ರಜೆಯ ದಿನವಿಡೀ ಆ ಮನೆಯಿಂದ ಟಿ.ವಿ. ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೋದ ತಿಂಗಳು ಊಟಕ್ಕೆ ಕರೆದೆ. "ಬ್ಯಾಡ್ರೀ ಆಂಟಿ, ಕೆಲ್ಸ ಐತ್ರಿ" ಅಂದಳು. ಕಳೆದ ವಾರ ಕರೆದಾಗ ಹುಷಾರಿಲ್ಲ ಅಂದಳು. ಮೊನ್ನೆ ಸಂಜೆ ಮತ್ತೆ ಹೋದೆ. ಕಿಟಕಿಯ ಪರದೆ ಸರಿಯಿತು, ಬಾಗಿಲು ತೆರೆಯಲಿಲ್ಲ. ಸಿಟ್ಟು ನೆತ್ತಿಗೇರಿತು. ಎಷ್ಟು ಸೊಕ್ಕು, ಬೇಕಾದರೆ ಬರಲಿ, ಇಲ್ಲದಿದ್ದರೆ ಬಿಡಲಿ ಎಂದು ಗೊಣಗುತ್ತಾ ಅವಳ ಗೇಟಿನವರೆಗೆ ಬಂದವಳು ಅಲ್ಲೇ ನಿಂತೆ...

ಹೀಗೆ ಮೂರು ಸಲ ಬೇಡ ಅನ್ನಿಸಿಕೊಂಡು, ನಾಲ್ಕನೇ ಸಲ ಏನೂ ಆಗದವರ ಹಾಗೆ ಹೇಗೆ ಕರೆಯುವುದು? ಗೊತ್ತಿದ್ದವರು ಬಾಯಮ್ಮ ಒಬ್ಬರೇ. ಕೇಳೋಣವೆಂದರೆ ಅವರಿಲ್ಲ.